ತಾರೀಖು ತಪ್ಪಿದ ದಿನಗಳಲ್ಲಿ ಕ್ಯಾನ್ಸರ್ ರೋಗಿಯ ಮನಸ್ಸು

ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರ ಮನಸ್ಸು ಯಾವ ಕಾಲದಲ್ಲೂ ಆತಂಕದಿಂದ ಪೂರ್ತಿ ಮುಕ್ತವಾಗಿರುವುದಿಲ್ಲವಾದರೂ, 2020ರ ಮಾರ್ಚ್ ತಿಂಗಳಿಂದ ಮುಂದಿನ ಎರಡು ವರ್ಷಗಳಲ್ಲಿ ಆ ಆತಂಕದ ಸ್ವರೂಪವೇ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್-19 ಅನ್ನು ಮಹಾಸಾಂಕ್ರಾಮಿಕ, ಅಂದರೆ ಹಲವಾರು ದೇಶಗಳಿಗೆ ಏಕಕಾಲದಲ್ಲಿ ವ್ಯಾಪಿಸಿದ ಸೋಂಕು, ಎಂದು ಸಾರಿದ ಮರುದಿನವೇ ಕಲಬುರಗಿಯ ವೃದ್ಧರೊಬ್ಬರ ಸಾವಿಗೆ ಈ ಸೋಂಕೇ ಕಾರಣವೆಂದು ದೃಢಪಟ್ಟು, ಅದು ದೇಶದ ಮೊದಲ ಕೋವಿಡ್ ಸಾವಾಗಿ ದಾಖಲಾಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 25ರಿಂದ, ಇಡೀ ದೇಶ ಲಾಕ್‌ಡೌನಿಗೆ ಒಳಗಾಯಿತು. ಆ ದಿನಗಳಲ್ಲಿ ಪತ್ರಿಕೆ, ಟಿ.ವಿ., ಆಸ್ಪತ್ರೆಯ ಗೋಡೆಯ ಮೇಲಿನ ಫಲಕ ಎಲ್ಲವೂ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಎಚ್ಚರಿಕೆ ಒಂದೇ ಆಗಿತ್ತು: ರೋಗನಿರೋಧಕ ಶಕ್ತಿ ಕುಗ್ಗಿರುವವರಿಗೆ ಸೋಂಕು ತಗುಲಿದರೆ ಅಪಾಯ ಹೆಚ್ಚು, ಆದ್ದರಿಂದ ಮನೆಯಿಂದ ಹೊರಗೆ ಬರಬೇಡಿ. ಎಚ್ಚರಿಕೆಯೇನೋ ಸರಿಯಾದದ್ದೇ. ಆದರೆ ಮನುಷ್ಯ ಮನೆಯಲ್ಲೇ ಕುಳಿತರೆ ಮೈಯೊಳಗಿನ ಗಡ್ಡೆಯೂ ಸುಮ್ಮನೆ ಕುಳಿತಿರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಕಡಿಮೆ ಇದ್ದರು. ಆ ಎರಡು ವರ್ಷಗಳಲ್ಲಿ ಕ್ಯಾನ್ಸರ್ ರೋಗಿಯ ಮನಸ್ಸನ್ನು ವೈರಾಣುವಿನ ಭಯಕ್ಕಿಂತ ಹೆಚ್ಚಾಗಿ ಕೊರೆದದ್ದು ಚಿಕಿತ್ಸೆಯ ಕ್ರಮ ಮುರಿದದ್ದು, ಆ ಕ್ರಮದ ಸುತ್ತ ಬೆಳೆದುಕೊಂಡಿದ್ದ ಮನುಷ್ಯರ ಒಡನಾಟ ಕಡಿದುಹೋದದ್ದು ಎಂಬುದು ಬೆಂಗಳೂರು ಗ್ರಾಮಾಂತರದಂಥ ಜಿಲ್ಲೆಯ ಸ್ಥಿತಿಯನ್ನು ಗಮನಿಸಿದರೆ ಸ್ಪಷ್ಟವಾಗುತ್ತದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಈ ಜಿಲ್ಲೆ ರಾಜಧಾನಿಗೆ ಅಂಟಿಕೊಂಡೇ ಇದೆ. ಈ ಸಾಮೀಪ್ಯದಿಂದಾಗಿಯೇ ಇಲ್ಲಿನ ಬಡ ಮತ್ತು ಮಧ್ಯಮ ವರ್ಗದ ರೋಗಿಗಳು ಕ್ಯಾನ್ಸರಿನ ಅನುಮಾನ ಬಂದೊಡನೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1973ರಿಂದ ಕೆಲಸ ಮಾಡುತ್ತಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಕಡೆಗೆ ಮುಖ ಮಾಡುತ್ತಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚ ಭರಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಂಡು, ವರದಿಗಳನ್ನೆಲ್ಲ ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು, ಬೆಳಗಿನ ಮೊದಲ ಬಸ್ಸು ಹಿಡಿದು ಮೆಜೆಸ್ಟಿಕ್ಕಿಗೆ ಇಳಿದು, ಅಲ್ಲಿಂದ ನಗರ ಸಾರಿಗೆಯ ಮತ್ತೊಂದು ಬಸ್ಸು ಹತ್ತಿ ಹೋಗುವುದು ಇಲ್ಲಿನ ಸಾವಿರಾರು ಮನೆಗಳಿಗೆ ಪರಿಚಿತವಾದ ದಿನಚರಿ. ಚಿಕಿತ್ಸೆಗೆ ಸರ್ಕಾರ ಹಣ ಕೊಡುತ್ತದೆ. ದಾರಿಯನ್ನು ಮಾತ್ರ ರೋಗಿಯೇ ಸವೆಸಬೇಕು. ಲಾಕ್‌ಡೌನಿನೊಂದಿಗೆ ನಿಂತುಹೋದ ಸರ್ಕಾರಿ ಬಸ್ಸುಗಳು ಮತ್ತೆ ಓಡಾಡಿದ್ದು ಮೇ 19ರಿಂದ. ನಡುವೆ, ಮೇ ಮೊದಲ ದಿನ ಪ್ರಕಟವಾದ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ರಾಜ್ಯದ ಮೂರೇ ಜಿಲ್ಲೆಗಳು ಕೆಂಪು ವಲಯದಲ್ಲಿದ್ದವು, ಅವುಗಳಲ್ಲಿ ಬೆಂಗಳೂರು ಗ್ರಾಮಾಂತರವೂ ಒಂದು. ಬೇರೆಡೆ ನಿರ್ಬಂಧ ಸಡಿಲಗೊಂಡಿದ್ದ ಜುಲೈ ತಿಂಗಳಲ್ಲಿಯೂ 14ರ ರಾತ್ರಿಯಿಂದ 22ರ ಬೆಳಗಿನವರೆಗೆ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳೆರಡಕ್ಕೂ ಮತ್ತೊಮ್ಮೆ ಬೀಗ ಬಿತ್ತು. ವೈದ್ಯಕೀಯ ತುರ್ತಿಗೆ ಸಂಚಾರದ ವಿನಾಯಿತಿ ಇತ್ತು ಎಂಬುದು ನಿಜ. ಆದರೆ ವಿನಾಯಿತಿ ಇರುವುದಕ್ಕೂ ವಾಹನ ಇರುವುದಕ್ಕೂ ಬಹಳ ವ್ಯತ್ಯಾಸವಿದೆ.

ಈ ಪ್ರಯಾಣ ತಪ್ಪಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಹಳ್ಳಿಗಳಲ್ಲಿ ‘ಕರೆಂಟ್ ಇಡುವುದು’ ಎಂದೇ ಹೆಸರಾಗಿರುವ ವಿಕಿರಣ ಚಿಕಿತ್ಸೆಯನ್ನು ಹತ್ತಿರದಿಂದ ನೋಡಬೇಕು. ಬಾಯಿ, ಗಂಟಲು ಅಥವಾ ಗರ್ಭಕಂಠದ ಕ್ಯಾನ್ಸರಿಗೆ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಬಾರಿಯಂತೆ ಐದರಿಂದ ಏಳು ವಾರ ಈ ಚಿಕಿತ್ಸೆ ನಡೆಯುತ್ತದೆ. ಬಾಯಿ ಅಥವಾ ಗಂಟಲ ಕ್ಯಾನ್ಸರಿನ ರೋಗಿಯ ಮುಖ ಅಲುಗದಂತೆ ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ಕಿನ ಬಲೆಯಿಂದ ಮುಖದ ಅಚ್ಚೊಂದನ್ನು ತಯಾರಿಸಿ, ರೋಗಿಯನ್ನು ಅಂಗಾತ ಮಲಗಿಸಿ, ಆ ಅಚ್ಚನ್ನು ಮೇಜಿಗೆ ಭದ್ರಪಡಿಸುತ್ತಾರೆ. ದೇಹದ ಉಳಿದ ಭಾಗಗಳಿಗೆ ಚಿಕಿತ್ಸೆ ಕೊಡುವಾಗ ಚರ್ಮದ ಮೇಲೆ ಶಾಯಿಯ ಗೆರೆ ಎಳೆದು, ಸ್ನಾನದಲ್ಲಿ ಅದು ಅಳಿಸಿಹೋಗದಂತೆ ನೋಡಿಕೊಳ್ಳಲು ಹೇಳುತ್ತಾರೆ. ಯಂತ್ರದ ಕೆಳಗೆ ಕಳೆಯುವ ಹೊತ್ತು ಕೆಲವೇ ನಿಮಿಷಗಳಾದರೂ ಒಂದು ದಿನದ ಪಾಲು ಇನ್ನೊಂದು ದಿನದ ಪಾಲಿಗೆ ಹೊಂದಿಕೊಂಡಿರುವುದರಿಂದ ನಡುವೆ ಬಿಡುವು ಬಿದ್ದಷ್ಟೂ ಗಡ್ಡೆಯ ಕೋಶಗಳು ಚೇತರಿಸಿಕೊಳ್ಳುತ್ತವೆ, ಗರ್ಭಕಂಠದ ಕ್ಯಾನ್ಸರಿನಲ್ಲಿ ನಿಗದಿತ ಅವಧಿಯ ಆಚೆಗೆ ಚಿಕಿತ್ಸೆ ಒಂದೊಂದು ದಿನ ಎಳೆದಂತೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇಕಡ ಒಂದರಷ್ಟು ಇಳಿಯುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ರೋಗಿಗೆ ಈ ಲೆಕ್ಕ ತಿಳಿಯದಿರಬಹುದು. ಆದರೆ ‘ಒಂದು ದಿನವೂ ತಪ್ಪಿಸಬೇಡಿ’ ಎಂದು ಮೊದಲ ದಿನವೇ ವೈದ್ಯರು ಹೇಳಿದ ಮಾತು ಅವರ ಕಿವಿಯಲ್ಲಿ ಉಳಿದಿರುತ್ತದೆ. ಮೈಮೇಲಿನ ಶಾಯಿಯ ಗೆರೆ ದಿನದಿಂದ ದಿನಕ್ಕೆ ಮಸುಕಾಗುತ್ತಿರುವುದನ್ನು ನೋಡುತ್ತಾ, ಬಾಡಿಗೆ ಕಾರಿಗೆ ಹಣ ಹೊಂದಿಸಲಾಗದೆ ಊರಿನಲ್ಲಿ ಉಳಿದ ರೋಗಿಯ ಮನಸ್ಸಿನ ಕಳವಳವನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು.

ಇದು ಒಂದು ಜಿಲ್ಲೆಯ ಅಥವಾ ಒಂದು ಆಸ್ಪತ್ರೆಯ ಕಥೆಯಾಗಿರಲಿಲ್ಲ. ರಾಷ್ಟ್ರೀಯ ಕ್ಯಾನ್ಸರ್ ಜಾಲಕ್ಕೆ ಸೇರಿದ ದೇಶದ 41 ಚಿಕಿತ್ಸಾ ಕೇಂದ್ರಗಳಲ್ಲಿ 2020ರ ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳೊಂದಿಗೆ ಹೋಲಿಸಿ ನೋಡಿದ ಅಧ್ಯಯನವೊಂದು 2021ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸ ರೋಗಿಗಳ ನೋಂದಣಿ ಶೇ. 54ರಷ್ಟು, ಮರುಭೇಟಿಗಳು ಶೇ. 46ರಷ್ಟು, ದೊಡ್ಡ ಶಸ್ತ್ರಚಿಕಿತ್ಸೆಗಳು ಶೇ. 49ರಷ್ಟು, ಹೊರರೋಗಿಗಳಾಗಿ ಬಂದು ಕೀಮೋಥೆರಪಿ ಪಡೆಯುವವರ ಸಂಖ್ಯೆ ಶೇ. 37ರಷ್ಟು ಕುಸಿದಿದ್ದವು. ಕೀಮೋಥೆರಪಿ ಎಂದರೆ ರಕ್ತನಾಳದ ಮೂಲಕ ಅಥವಾ ಮಾತ್ರೆಯ ರೂಪದಲ್ಲಿ ಔಷಧಿ ಕೊಟ್ಟು ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುವ ವಿಧಾನ. ನೋಂದಣಿ ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದರೆ ಕಾಯಿಲೆ ಇಳಿಯಿತೆಂದು ಅರ್ಥವಲ್ಲ. ಎದೆಯ ಗಂಟನ್ನೋ ನಾಲಗೆಯ ಹುಣ್ಣನ್ನೋ ಕೈಯಿಂದ ಮುಟ್ಟಿ ನೋಡಿಕೊಂಡು, ಅದು ಏನೆಂದು ತಿಳಿಯದೆ, ಯಾರಿಗೂ ಹೇಳದೆ ಮನೆಯೊಳಗೇ ದಿನ ಎಣಿಸಿದವರ ಸಂಖ್ಯೆ ಅಷ್ಟು ದೊಡ್ಡದಿತ್ತು ಎಂದು ಅರ್ಥ.

ಕ್ಯಾನ್ಸರಿನ ಜೊತೆಗೆ ಬರುವ ಮಾನಸಿಕ ತೊಂದರೆಗಳನ್ನು ಅಧ್ಯಯನ ಮಾಡುವ ವೈದ್ಯಶಾಖೆಗೆ ಮನೋ-ಅರ್ಬುದಶಾಸ್ತ್ರ ಎಂದು ಹೆಸರು. ಅಮೆರಿಕದ ಮನೋವೈದ್ಯೆ ಜಿಮಿ ಹಾಲೆಂಡ್ 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಇದಕ್ಕೆ ತಳಪಾಯ ಹಾಕಿದರು. ಈ ಶಾಖೆಯು ರೋಗಿಯ ಮನಸ್ಸಿನ ನೋವನ್ನು ಒಟ್ಟಾರೆಯಾಗಿ ‘ಸಂಕಟ’ ಎಂದು ಗುರುತಿಸುತ್ತದೆ. ಹುಚ್ಚು, ಮಾನಸಿಕ ರೋಗ ಮುಂತಾದ ಕಳಂಕದ ಹೆಸರುಗಳಿಗೆ ಅಂಜಿ ಬಾಯಿ ಬಿಡದ ರೋಗಿ ‘ಸಂಕಟವಾಗುತ್ತಿದೆ’ ಎಂದು ಹೇಳಿಕೊಳ್ಳಬಲ್ಲ. ಸೊನ್ನೆಯಿಂದ ಹತ್ತರವರೆಗೆ ಅಂಕೆಗಳಿರುವ ಥರ್ಮಾಮೀಟರಿನ ಚಿತ್ರವೊಂದನ್ನು ಮುಂದಿಟ್ಟು, ಕಳೆದ ಒಂದು ವಾರದಲ್ಲಿ ಸಂಕಟ ಎಷ್ಟಿತ್ತೆಂದು ರೋಗಿಯಿಂದಲೇ ಗುರುತು ಮಾಡಿಸುವುದು, ಗುರುತು ನಾಲ್ಕನ್ನು ಮುಟ್ಟಿದರೆ ಅಥವಾ ದಾಟಿದರೆ ವಿವರವಾಗಿ ವಿಚಾರಿಸುವುದು ಎಂಬ ಸರಳ ಕ್ರಮ ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ನಾಡಿಬಡಿತ, ಉಸಿರು, ರಕ್ತದೊತ್ತಡ, ದೇಹದ ಉಷ್ಣತೆ ಮತ್ತು ನೋವು ಇವುಗಳ ಸಾಲಿನಲ್ಲಿ ಸಂಕಟವನ್ನೂ ಆರನೆಯ ಪ್ರಾಣಸೂಚಕವಾಗಿ ದಾಖಲಿಸಬೇಕೆಂದು ಈ ಕ್ಷೇತ್ರದ ತಜ್ಞರು ಒತ್ತಾಯಿಸುತ್ತ ಬಂದಿದ್ದಾರೆ. ಒಂದೇ ದಿನದಲ್ಲಿ ನೂರಾರು ಹೊರರೋಗಿಗಳನ್ನು ನೋಡುವ ಸರ್ಕಾರಿ ಆಸ್ಪತ್ರೆಯಲ್ಲಿ ಇದು ದುಬಾರಿಯ ಬೇಡಿಕೆ ಎನಿಸಬಹುದು. ಆದರೆ ಇದಕ್ಕೆ ಬೇಕಾದದ್ದು ಒಂದು ಹಾಳೆ ಮತ್ತು ಒಂದು ನಿಮಿಷದ ಪ್ರಶ್ನೆಯಷ್ಟೇ.

ಸಾಂಕ್ರಾಮಿಕದ ಕಾಲದಲ್ಲಿ ಸಂಕಟ ಹೆಚ್ಚಲು ಮುಖ್ಯ ಕಾರಣ ಅನಿಶ್ಚಿತತೆ. ‘ಡೇಟ್ ಕೊಟ್ಟಿದ್ದಾರೆ’ ಎಂಬ ಮಾತು ಕ್ಯಾನ್ಸರ್ ರೋಗಿಯ ಮನೆಯಲ್ಲಿ ಎಷ್ಟು ಭರವಸೆಯ ಮಾತು ಎಂಬುದು ಅಂಥ ಮನೆಗಳನ್ನು ಬಲ್ಲವರಿಗೆ ಗೊತ್ತು. ಮುಂದಿನ ತಾರೀಖು ಚೀಟಿಯಲ್ಲಿ ಬರೆದಿದ್ದರೆ, ಅಲ್ಲಿಯವರೆಗೆ ಬದುಕಿಗೆ ಒಂದು ಆಕಾರವಿರುತ್ತದೆ: ಕೂಲಿಗೆ ಯಾವ ದಿನ ಹೋಗಬೇಕು, ಹಾಲು ಡೇರಿಗೆ ಹಾಕಿ ಬರುವವರು ಯಾರು, ಜೊತೆಗೆ ಬರುವವರು ಯಾರು ಎಂಬುದೆಲ್ಲ ಆ ತಾರೀಖಿನ ಸುತ್ತ ತೀರ್ಮಾನವಾಗುತ್ತದೆ. ತಾರೀಖು ಮುಂದಕ್ಕೆ ಹೋದಾಗ, ಮತ್ತೆ ಮುಂದಕ್ಕೆ ಹೋದಾಗ, ಗಂಟಲ ದ್ರವದ ಪರೀಕ್ಷೆಯ ವರದಿ ಬಂದ ಮೇಲೆ ನೋಡೋಣ ಎಂದು ಹಿಂದಿರುಗಿಸಿದಾಗ, ತನ್ನ ಕಾಯಿಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂಬ ಭಾವನೆ ರೋಗಿಯಲ್ಲಿ ಬೇರೂರುತ್ತದೆ. ವೈದ್ಯರು ಮುಂದೂಡಿದ್ದು ಎಷ್ಟೋ ಸಂದರ್ಭಗಳಲ್ಲಿ ರೋಗಿಯ ಹಿತಕ್ಕಾಗಿಯೇ. ಕೀಮೋ ಪಡೆದ ಒಂದರಿಂದ ಎರಡು ವಾರಗಳ ನಡುವೆ ರಕ್ತದ ಬಿಳಿ ಕಣಗಳ ಸಂಖ್ಯೆ ತೀರ ಇಳಿಯುತ್ತದೆ. ‘ಕೌಂಟ್ ಕಮ್ಮಿಯಾಗಿದೆ’ ಎಂದು ರೋಗಿಗಳು ಹೇಳುವ ಈ ಸ್ಥಿತಿಯಲ್ಲಿ ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಆ ಸಮಯದಲ್ಲಿ ಗುಂಪಿನ ನಡುವೆ ಕೂರಿಸದಿರುವುದು ವಿವೇಕ. ಆದರೆ ಮುಂದೂಡಿದ್ದಕ್ಕೆ ಕಾರಣವನ್ನು ತಾಳ್ಮೆಯಿಂದ ತಿಳಿಸಿ, ಇಂಥ ದಿನ ಮತ್ತೆ ಕರೆಯುತ್ತೇವೆ ಎಂದು ಹೇಳಿ ಕಳಿಸಿದ ರೋಗಿಗೂ ಬಾಗಿಲಲ್ಲೇ ‘ಈಗ ಆಗಲ್ಲ’ ಎಂಬ ಉತ್ತರ ಪಡೆದು ಮರಳಿದ ರೋಗಿಗೂ ಮನಸ್ಸಿನ ಸ್ಥಿತಿಯಲ್ಲಿ ಆಕಾಶ–ಭೂಮಿಯ ಅಂತರವಿತ್ತು.

ಎರಡನೆಯ ಕಾರಣ ಒಂಟಿತನ, ಮತ್ತು ಇದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಕ್ಯಾನ್ಸರ್ ಆಸ್ಪತ್ರೆಯ ಕಾಯುವ ಜಾಗವನ್ನು ಹೊರಗಿನವರು ದುಃಖದ ಜಾಗ ಎಂದಷ್ಟೇ ತಿಳಿದಿರುತ್ತಾರೆ. ಅಲ್ಲಿ ದಿನವೂ ಅದೇ ಹೊತ್ತಿಗೆ ಬಂದು ಕೂರುವ ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರನಿಗೂ ರಾಯಚೂರಿನ ಕಡೆಯಿಂದ ಬಂದು ಧರ್ಮಶಾಲೆಯಲ್ಲಿ ಉಳಿದುಕೊಂಡ ರೈತನಿಗೂ ಹದಿನೈದು ದಿನಗಳಲ್ಲಿ ಗೆಳೆತನ ಬೆಳೆಯುತ್ತದೆ. ಬಾಯಿಹುಣ್ಣಾದಾಗ ಏನು ತಿಂದರೆ ಉರಿ ಕಡಿಮೆ, ಕೂದಲು ಉದುರಿದ್ದು ಎಷ್ಟು ತಿಂಗಳಿಗೆ ಮರಳಿ ಬರುತ್ತದೆ, ಯಾವ ಕೌಂಟರಿನಲ್ಲಿ ಮೊದಲು ಸೀಲು ಹಾಕಿಸಬೇಕು ಎಂಬುದನ್ನೆಲ್ಲ ವೈದ್ಯರಿಗಿಂತ ಮೊದಲು ತಿಳಿಸುವವರು ಇಂಥ ಒಡನಾಡಿಗಳು. ‘ನಂದು ಮುಗೀತಕ್ಕ, ಇನ್ನು ಮೂರು ತಿಂಗಳಿಗೆ ಬಾ ಅಂದವ್ರೆ, ನಿಂದೂ ಆಯ್ತದೆ’ ಎಂದು ಚಿಕಿತ್ಸೆ ಮುಗಿಸಿದ ಹೆಂಗಸು ಆಗತಾನೆ ಬಂದವಳಿಗೆ ಹೇಳುವ ಮಾತಿನ ಬಲ ಯಾವ ಔಷಧಿಗೂ ಕಡಿಮೆಯಲ್ಲ. ಕುರ್ಚಿ ಬಿಟ್ಟು ಕುರ್ಚಿಯಲ್ಲಿ ಕೂರಬೇಕಾದ, ಬಾಯಿ ಮುಚ್ಚಿಕೊಂಡಿರಬೇಕಾದ, ಜೊತೆಗೆ ಒಬ್ಬರನ್ನು ಮಾತ್ರ ಕರೆತರಬಹುದಾದ ಕಾಲದಲ್ಲಿ ಈ ಒಡನಾಟ ಹೇಳಹೆಸರಿಲ್ಲದೆ ನಿಂತಿತು. ಆಸ್ಪತ್ರೆಗಳು ಯಂತ್ರಗಳನ್ನು ಹೇಗಾದರೂ ನಡೆಸಿಕೊಂಡು ಹೋದವು. ರೋಗಿಗಳು ಪರಸ್ಪರ ಕೊಡುತ್ತಿದ್ದ ಈ ಚಿಕಿತ್ಸೆ ನಿಂತುಹೋದದ್ದು ಯಾವ ದಾಖಲೆಯಲ್ಲೂ ಬರಲಿಲ್ಲ.

ಊರಿನಲ್ಲಿಯೂ ಸ್ಥಿತಿ ಹೆಚ್ಚು ಭಿನ್ನವಾಗಿರಲಿಲ್ಲ. ಕ್ಯಾನ್ಸರ್ ಮುಟ್ಟಿದರೆ ಅಂಟುತ್ತದೆ ಎಂಬ ತಪ್ಪು ನಂಬಿಕೆ ಇನ್ನೂ ಪೂರ್ತಿ ಅಳಿದಿಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಇಡುವ ಮನೆಗಳಿವೆ. ನಿಜವಾಗಿಯೂ ಅಂಟುವ ಸೋಂಕೊಂದು ಬಂದಾಗ, ಬೆಂಗಳೂರಿನ ಆಸ್ಪತ್ರೆಗೆ ವಾರವಾರವೂ ಹೋಗಿಬರುವ ಮನೆಯತ್ತ ನೆರೆಹೊರೆಯ ಅನುಮಾನ ತಿರುಗಿದ್ದು ಆಶ್ಚರ್ಯವಲ್ಲ. ಮೊದಲ ಅಲೆಯಲ್ಲಿ ಕ್ವಾರಂಟೈನಿಗೆ ಒಳಗಾದವರ ಕೈಗೆ ಮುದ್ರೆ ಒತ್ತುವುದು, ಮನೆಯ ಬಾಗಿಲಿಗೆ ಭಿತ್ತಿಪತ್ರ ಅಂಟಿಸುವುದು, ಬೀದಿಯನ್ನೇ ‘ಸೀಲ್‌ಡೌನ್’ ಮಾಡುವುದು ನಡೆದಿದ್ದರಿಂದ, ರಾತ್ರಿ ಕೆಮ್ಮು ಬಂದರೂ ಬಟ್ಟೆಯಿಂದ ಬಾಯಿ ಒತ್ತಿ ಹಿಡಿಯುವಷ್ಟು ಭಯ ರೋಗಿಗಳನ್ನು ಆವರಿಸಿತು. ಜ್ವರ ಬಂದರೆ ಅದು ಕೌಂಟ್ ಕಡಿಮೆಯಾದ ಜ್ವರವೋ ಕೋವಿಡ್ ಜ್ವರವೋ ಎಂಬ ಗೊಂದಲದಲ್ಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕಾದವರು ಜ್ವರವನ್ನೇ ಮುಚ್ಚಿಟ್ಟರು. ಇನ್ನು ದೇವಾಲಯಗಳ ಬಾಗಿಲು ಜೂನ್ 8ರವರೆಗೆ ತೆರೆಯಲಿಲ್ಲ. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು, ಆಪರೇಷನ್ ಆದ ಮೇಲೆ ತೀರಿಸುತ್ತೇವೆಂದುಕೊಂಡಿದ್ದ ಮನೆಗಳಿಗೆ ಅದೂ ಒಂದು ಬಾಕಿಯಾಗಿ ಮನಸ್ಸಿನ ಮೇಲೆ ಕೂತಿತು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಕಷ್ಟಕಾಲದಲ್ಲಿ ಮನುಷ್ಯರನ್ನು ಹಿಡಿದು ನಿಲ್ಲಿಸುವುದು ಏನು ಎಂದು ಕೇಳುವ ವೈದ್ಯರಿಗೆ ಈ ಹರಕೆಯ ವಿಚಾರವೂ ತಿಳಿದಿರಬೇಕು.

ಎಲ್ಲ ರೋಗಿಗಳ ಕಷ್ಟ ಒಂದೇ ಬಗೆಯದಾಗಿರಲಿಲ್ಲ. ಹೊಗೆಸೊಪ್ಪು, ಗುಟ್ಕಾ, ಅಡಿಕೆಯ ಬಳಕೆಯಿಂದ ಬರುವ ಬಾಯಿ ಮತ್ತು ಗಂಟಲ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದವಡೆಯ ಒಂದು ಭಾಗವನ್ನೋ ಧ್ವನಿಪೆಟ್ಟಿಗೆಯನ್ನೋ ಕಳೆದುಕೊಂಡವರ ಸ್ಥಿತಿ ವಿಶೇಷವಾಗಿ ಗಮನಿಸತಕ್ಕದ್ದು. ವಿರೂಪಗೊಂಡ ಮುಖವನ್ನು ಹೊತ್ತು ಹೊರಗೆ ಬರಲು ಸಂಕೋಚಪಡುತ್ತಿದ್ದ ಕೆಲವರಿಗೆ ಎಲ್ಲರೂ ಮಾಸ್ಕ್ ಹಾಕಿಕೊಂಡ ಆ ಕಾಲ ಮರೆಯಲ್ಲಿ ಓಡಾಡುವ ಅವಕಾಶ ಕೊಟ್ಟಿತು. ಆದರೆ ತುಟಿಯ ಚಲನೆ ನೋಡಿಯೇ ಅರ್ಥಮಾಡಿಕೊಳ್ಳಬೇಕಾದ ಇವರ ಮಾತು ಮಾಸ್ಕಿನ ಹಿಂದೆ ಕೇಳದಾಯಿತು, ದೂರವಾಣಿಯಲ್ಲಂತೂ ಪೂರ್ತಿ ಕೇಳದಾಯಿತು. ಲಾಕ್‌ಡೌನ್ ಆರಂಭವಾದ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಹೊರಡಿಸಿ, ಫೋನ್ ಅಥವಾ ವಿಡಿಯೋ ಮೂಲಕ ರೋಗಿಯನ್ನು ವಿಚಾರಿಸಿ ಔಷಧಿ ಬರೆದುಕೊಡುವ ವ್ಯವಸ್ಥೆಗೆ ಸ್ಪಷ್ಟ ನಿಯಮಗಳನ್ನು ಮಾಡಿಕೊಟ್ಟದ್ದು ಬಹುದೊಡ್ಡ ಸಹಾಯ. ಅದರ ಎಲ್ಲೆಯೊಳಗೆ ಬಾರದೆ ಉಳಿದವರು ಎರಡು ಬಗೆಯವರು: ಮಾತು ಕಳೆದುಕೊಂಡ ಇವರು ಒಂದು ಕಡೆ, ಮಾರ್ಫಿನ್ ಬೇಕಾದವರು ಇನ್ನೊಂದು ಕಡೆ.

ಮಾರ್ಫಿನ್ ಎಂದರೆ ಅಫೀಮಿನಿಂದ ತಯಾರಾಗುವ, ಕ್ಯಾನ್ಸರಿನ ತೀವ್ರ ನೋವಿಗೆ ಕೊಡುವ ಔಷಧಿ. ಅದು ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಯಲ್ಲಿರುವುದರಿಂದ ಟೆಲಿಮೆಡಿಸಿನ್ ಮೂಲಕ ಬರೆಯಬಾರದ ಔಷಧಿಗಳ ಪಟ್ಟಿಯಲ್ಲಿತ್ತು. 2014ರ ತಿದ್ದುಪಡಿಯಿಂದ ಕಾಯ್ದೆ ಸಡಿಲಗೊಂಡಿದ್ದರೂ ಮಾನ್ಯತೆ ಪಡೆದ ಸಂಸ್ಥೆಗಳಲ್ಲಷ್ಟೇ ಅದು ಸಿಗುತ್ತದೆ, ಮೆಡಿಕಲ್ ಸ್ಟೋರಿನಲ್ಲಿ ಕೇಳಿದೊಡನೆ ಸಿಗುವಂಥದ್ದಲ್ಲ. ಗುಣಪಡಿಸಲಾಗದ ಹಂತದಲ್ಲಿರುವ ರೋಗಿಯ ನೋವು, ಉಬ್ಬಸ, ನಿದ್ರೆಗೇಡು, ಭಯ ಇವುಗಳನ್ನು ತಗ್ಗಿಸಿ ಕೊನೆಯವರೆಗೂ ಘನತೆಯಿಂದ ಬದುಕಲು ನೆರವಾಗುವ ಶುಶ್ರೂಷೆಗೆ ಉಪಶಾಮಕ ಆರೈಕೆ ಎನ್ನುತ್ತಾರೆ. ಬೆಂಗಳೂರಿನ ‘ಕರುಣಾಶ್ರಯ’ 1999ರಿಂದ ಇಂಥ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಆದರೆ ತಾಲ್ಲೂಕಿನ ಒಳಹಳ್ಳಿಯ ಮನೆಯಲ್ಲಿ ಮಾರ್ಫಿನ್ ಮಾತ್ರೆ ಮುಗಿಯುತ್ತ ಬಂದು, ತರಲು ಬಸ್ಸಿಲ್ಲದೆ, ಇರುವ ಮಾತ್ರೆಯನ್ನೇ ಅರ್ಧ ಮಾಡಿ ನುಂಗಿಸುವ ಸ್ಥಿತಿಯಲ್ಲಿ ಮನಸ್ಸಿನ ಸಮಾಧಾನದ ಬಗ್ಗೆ ಮಾತನಾಡುವುದು ವ್ಯರ್ಥ. ನೋವು ಇಳಿಯದೆ ಆತಂಕ ಇಳಿಯುವುದಿಲ್ಲ. ಮಾನಸಿಕ ಆರೋಗ್ಯವೆಂದರೆ ಆಪ್ತಸಲಹೆ ಮಾತ್ರ ಎಂದು ಭಾವಿಸುವವರು ಈ ಮಾತನ್ನು ಮರೆಯಬಾರದು.

ಹಳ್ಳಿಯ ಕುಟುಂಬಗಳಲ್ಲಿ ಮೊದಲಿನಿಂದಲೂ ಇದ್ದ ಒಂದು ಸಮಸ್ಯೆಯನ್ನು ಸಾಂಕ್ರಾಮಿಕ ಇನ್ನಷ್ಟು ಬಿಗಿಗೊಳಿಸಿತು. ‘ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಡಾಕ್ಟ್ರೇ, ಗೊತ್ತಾದರೆ ಧೈರ್ಯ ಕಳೆದುಕೊಳ್ತಾರೆ’ ಎಂದು ಮಕ್ಕಳು ಕೈಮುಗಿದು ಕೇಳುವುದು ಇಲ್ಲಿ ಅಪರೂಪವಲ್ಲ. ರೋಗಿಗೆ ಅವರ ಕಾಯಿಲೆಯ ಹೆಸರು ತಿಳಿಯದಂತೆ ಕುಟುಂಬವೂ ವೈದ್ಯರೂ ಮಾಡಿಕೊಳ್ಳುವ ಈ ಬಗೆಯ ಮುಚ್ಚುಮರೆಯ ಒಪ್ಪಂದದ ಮಾನಸಿಕ ಪರಿಣಾಮಗಳೇನು ಎಂಬ ಪ್ರಶ್ನೆಯನ್ನು ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರಾದ ಪ್ರಭಾ ಚಂದ್ರ ಮತ್ತು ಸಂತೋಷ್ ಚತುರ್ವೇದಿ ಮುಂತಾದವರು 1990ರ ದಶಕದಲ್ಲಿಯೇ ಅಧ್ಯಯನಕ್ಕೆ ಎತ್ತಿಕೊಂಡಿದ್ದರು. ಮುಚ್ಚಿಡುವುದರ ಹಿಂದೆ ಇರುವುದು ಪ್ರೀತಿಯೇ. ಆದರೆ ಕಿದ್ವಾಯಿ ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಬಹುಪಾಲು ರೋಗಿಗಳಿಗೆ ತಮ್ಮ ಕಾಯಿಲೆ ಯಾವುದೆಂದು ಊಹೆಯಾಗಿಯೇ ಇರುತ್ತದೆ. ತಾವು ಬಲ್ಲೆವೆಂಬುದನ್ನು ಅವರು ಮಕ್ಕಳಿಂದ ಮುಚ್ಚಿಡುತ್ತಾರೆ, ಮಕ್ಕಳು ಅವರಿಂದ ಮುಚ್ಚಿಡುತ್ತಾರೆ. ಲಾಕ್‌ಡೌನಿನಲ್ಲಿ ಎಲ್ಲರೂ ಒಂದೇ ಸೂರಿನಡಿ ದಿನವಿಡೀ ಇರಬೇಕಾಗಿ ಬಂದಾಗ ಈ ನಾಟಕ ನಡೆಸುವುದು ಎರಡೂ ಕಡೆಯವರಿಗೆ ಭಾರವಾಯಿತು. ಚಿಕಿತ್ಸೆ ಏಕೆ ತುರ್ತು ಎಂದು ರೋಗಿಗೆ ಹೇಳಲಾಗದ ಮಗ, ಸೋಂಕಿನ ಭಯದಿಂದ ‘ಈಗೇನು ಅವಸರ, ಕೊರೋನಾ ಮುಗಿಯಲಿ’ ಎನ್ನುವ ತಂದೆಯನ್ನು ಹೊರಡಿಸುವುದಾದರೂ ಹೇಗೆ? ಸತ್ಯವನ್ನು ಒಮ್ಮೆಲೇ ಎದುರಿಗಿಡಬೇಕೆಂದಿಲ್ಲ. ರೋಗಿಗೆ ಎಷ್ಟು ತಿಳಿದಿದೆ, ಎಷ್ಟು ತಿಳಿಯಬೇಕೆಂಬ ಇಚ್ಛೆಯಿದೆ ಎಂದು ಮೊದಲು ಕೇಳಿ, ಅವರು ಒಯ್ಯುವಷ್ಟು ದೂರ ಜೊತೆಯಲ್ಲಿ ಹೋಗುವುದು ಸರಿಯಾದ ಕ್ರಮ.

ದುಡಿಮೆಯ ಚಿಂತೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು ನಿಂತವು, ಹೂವಿನ ಬೆಳೆಗಾರರು ಕೊಳ್ಳುವವರಿಲ್ಲದೆ ಹೂವನ್ನು ತಿಪ್ಪೆಗೆ ಸುರಿದರು. 2020ರ ಮೇ 6ರಂದು ರಾಜ್ಯ ಸರ್ಕಾರ ಘೋಷಿಸಿದ 1,610 ಕೋಟಿ ರೂಪಾಯಿಯ ಪರಿಹಾರದಲ್ಲಿ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಇತ್ತು. ಆದರೂ ಮನೆಗೆ ತಾನು ಹೊರೆಯಾದೆನೆಂಬ ಅಪರಾಧಭಾವ ರೋಗಿಯನ್ನು ಕಾಡಿದ್ದು, ‘ನನಗೆ ಹಾಕೋ ದುಡ್ಡು ಮಕ್ಕಳಿಗೆ ಇರಲಿ’ ಎಂದು ಚಿಕಿತ್ಸೆಯನ್ನೇ ಬಿಡುವ ಮಾತಾಡಿದ್ದು ಹಲವು ಮನೆಗಳ ಅನುಭವ.

2021ರ ಏಪ್ರಿಲ್–ಮೇ ತಿಂಗಳ ಎರಡನೆಯ ಅಲೆ ಇನ್ನೊಂದು ಬಗೆಯ ಭೀತಿಯನ್ನು ತಂದಿತು. ಮೊದಲ ಅಲೆಯಲ್ಲಿ ತಾರೀಖು ತಪ್ಪುವ ಭಯವಿತ್ತು. ಎರಡನೆಯ ಅಲೆಯಲ್ಲಿ ಹಾಸಿಗೆ, ಆಮ್ಲಜನಕ ಸಿಗದೆ ಸಾಯುವ ಭಯ, ಅದಕ್ಕಿಂತಲೂ ಹೆಚ್ಚಾಗಿ ಮಕ್ಕಳ ಕೈಯಿಂದ ಬಾಯಿಗೆ ನೀರು ಬಿಡಿಸಿಕೊಳ್ಳದೆ, ಶಾಸ್ತ್ರವಿಲ್ಲದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡು ಹೋಗುವ ಭಯ. ಚಿತಾಗಾರಗಳ ಮುಂದೆ ಸಾಲು ಬೆಳೆದು, ಸ್ವಂತ ಜಮೀನಿನಲ್ಲಿ ಅಂತ್ಯಸಂಸ್ಕಾರ ಮಾಡಲು ಸರ್ಕಾರ ಅನುಮತಿ ಕೊಡಬೇಕಾಗಿ ಬಂದ ದಿನಗಳವು. ಸಾವನ್ನು ಕುರಿತು ಮೊದಲೇ ಯೋಚಿಸುತ್ತಿದ್ದ ಕ್ಯಾನ್ಸರ್ ರೋಗಿಗಳು ಆ ಸುದ್ದಿಗಳನ್ನು ಉಳಿದವರಂತೆ ಕೇಳಲಿಲ್ಲ. ಅದೇ ಹೊತ್ತಿಗೆ ಒಂದು ಆಶ್ವಾಸನೆಯೂ ಬಂದಿತ್ತು. 2021ರ ಮಾರ್ಚ್ 1ರಿಂದ ಲಸಿಕೆಗೆ ಅರ್ಹರಾದ 45 ವರ್ಷ ಮೇಲ್ಪಟ್ಟ, ಬೇರೆ ಕಾಯಿಲೆಗಳಿರುವವರ ಪಟ್ಟಿಯಲ್ಲಿ ಚಿಕಿತ್ಸೆಯಲ್ಲಿರುವ ಕ್ಯಾನ್ಸರ್ ರೋಗಿಗಳೂ ಸೇರಿದ್ದರು. ಕೀಮೋ ನಡೆಯುವಾಗ ಲಸಿಕೆ ಹಾಕಿಸಬಹುದೇ ಎಂಬ ಗೊಂದಲವನ್ನು ನಿವಾರಿಸಲು ಎಷ್ಟೋ ಕಡೆ ಮನೆಮನೆ ಸುತ್ತಿದವರು ಆಶಾ ಕಾರ್ಯಕರ್ತೆಯರು. ಹಿಂದಿನ ವರ್ಷದ ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಗಿ ಬಂದವರೂ ಇವರೇ ಎಂಬುದನ್ನು ನೆನೆಯುವುದು ನ್ಯಾಯ.

ನೆರವಿನ ವ್ಯವಸ್ಥೆಗಳು ಇರಲಿಲ್ಲವೆಂದಲ್ಲ. ಕಿದ್ವಾಯಿಯ ನೆರೆಯಲ್ಲೇ ಇರುವ ನಿಮ್ಹಾನ್ಸ್ 2020ರ ಮಾರ್ಚ್ ಕೊನೆಯಲ್ಲಿಯೇ ಮನೋಸಾಮಾಜಿಕ ನೆರವಿನ ಸಹಾಯವಾಣಿಯನ್ನು ತೆರೆಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡು ಸಾಂಕ್ರಾಮಿಕಕ್ಕೆ ಮೊದಲೇ ಇತ್ತು. ಕೊರತೆಯಿದ್ದದ್ದು ಇವುಗಳ ನಡುವಣ ಕೊಂಡಿಯಲ್ಲಿ. ಕ್ಯಾನ್ಸರ್ ವೈದ್ಯರು ಗಡ್ಡೆಯನ್ನು ನೋಡಿದರು, ಮನೋವೈದ್ಯರು ತಮ್ಮ ಬಳಿಗೆ ಬಂದವರನ್ನು ನೋಡಿದರು. ಕ್ಯಾನ್ಸರ್ ರೋಗಿಯನ್ನು ಮನೋವೈದ್ಯರತ್ತ ಕಳಿಸುವ ಕೆಲಸ ಯಾರದೂ ಆಗಲಿಲ್ಲ. ಅದಕ್ಕೆ ಒಂದು ಕಾರಣ ಖಿನ್ನತೆಯನ್ನು ಗುರುತಿಸುವುದರಲ್ಲಿರುವ ತೊಡಕು. ಖಿನ್ನತೆಯ ಲಕ್ಷಣಗಳಾದ ಸುಸ್ತು, ಹಸಿವಾಗದಿರುವುದು, ನಿದ್ರೆ ಬಾರದಿರುವುದು, ತೂಕ ಇಳಿಯುವುದು ಇವೆಲ್ಲ ಕ್ಯಾನ್ಸರಿನಿಂದಲೂ ಕೀಮೋದಿಂದಲೂ ಬರುತ್ತವೆ; ವಾಂತಿ ತಡೆಯಲು ಕೀಮೋದೊಂದಿಗೆ ಕೊಡುವ ಸ್ಟೆರಾಯ್ಡ್ ಔಷಧಿಯೂ ಒಂದೆರಡು ರಾತ್ರಿ ನಿದ್ರೆ ಕೆಡಿಸಬಲ್ಲದು. ಆದ್ದರಿಂದ ಮೈಯ ಲಕ್ಷಣಗಳಿಗಿಂತ ಮನಸ್ಸಿನ ಲಕ್ಷಣಗಳನ್ನು ಹುಡುಕಬೇಕು: ಮೊಮ್ಮಗು ಬಂದರೂ ತಿರುಗಿ ನೋಡದಿರುವುದು, ಮುಂದೇನೂ ಇಲ್ಲವೆಂದು ಪದೇಪದೇ ಹೇಳುವುದು, ತನ್ನ ಪಾಪಕ್ಕೆ ಈ ಕಾಯಿಲೆ ಬಂತೆಂದು ಕೊರಗುವುದು, ಸಾಯುವ ಮಾತಾಡುವುದು ಇವು ಎರಡು ವಾರಕ್ಕೂ ಮೀರಿ ಉಳಿದರೆ ಅದು ‘ಇಂಥ ಕಾಯಿಲೆಯಲ್ಲಿ ಬೇಜಾರು ಇದ್ದದ್ದೇ’ ಎಂದು ಬಿಡುವ ಸಂಗತಿಯಲ್ಲ, ಚಿಕಿತ್ಸೆ ಬೇಕಾದ, ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಖಿನ್ನತೆಯ ಮಾತ್ರೆಗಳಲ್ಲಿ ಕೆಲವು, ಸ್ತನ ಕ್ಯಾನ್ಸರಿಗೆ ಕೊಡುವ ಟಾಮಾಕ್ಸಿಫೆನ್‌ನ ಪರಿಣಾಮವನ್ನು ಕುಗ್ಗಿಸುವುದರಿಂದ, ಎರಡೂ ಕಡೆಯ ವೈದ್ಯರಿಗೆ ಪರಸ್ಪರರ ಔಷಧಿ ಚೀಟಿಗಳನ್ನು ತೋರಿಸಬೇಕಾದದ್ದು ಅಗತ್ಯ.

ರೋಗಿಯ ಪಕ್ಕದಲ್ಲಿರುವವರ ಪಾಡನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಹಾಲು ಕರೆದು, ಅಡುಗೆ ಮುಗಿಸಿ, ಆಸ್ಪತ್ರೆಯ ಸಾಲಿನಲ್ಲಿ ನಿಂತು, ಸಂಜೆ ಮರಳಿ ಸ್ನಾನ ಮಾಡಿಯೇ ಮಕ್ಕಳನ್ನು ಮುಟ್ಟುವ ಹೆಂಡತಿ ಅಥವಾ ಸೊಸೆ, ತನ್ನಿಂದಲೇ ಮನೆಗೆ ಸೋಂಕು ಬರಬಹುದೆಂಬ ಹೆದರಿಕೆಯನ್ನೂ ಹೊತ್ತಿದ್ದಳು. ರೋಗಿಯನ್ನು ನೋಡುವ ವೈದ್ಯರು ಜೊತೆಗೆ ಬಂದವರ ಕಡೆಗೂ ತಿರುಗಿ ‘ನೀವು ಹೇಗಿದ್ದೀರಮ್ಮ, ನಿದ್ದೆ ಬರುತ್ತಾ?’ ಎಂದು ಕೇಳುವುದನ್ನು ಚಿಕಿತ್ಸೆಯ ಭಾಗವಾಗಿಯೇ ಪರಿಗಣಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿದಿದೆ ಎಂದು ಪ್ರಕಟಿಸಿತು. ಆದರೆ ತಡವಾಗಿ ರೋಗ ಪತ್ತೆಯಾದವರು, ಚಿಕಿತ್ಸೆ ಅರ್ಧಕ್ಕೆ ನಿಂತು ಮತ್ತೆ ಆರಂಭಿಸಿದವರು, ಗುಣವಾಗಿದ್ದರೂ ಸಣ್ಣ ನೋವಿಗೂ ಕಾಯಿಲೆ ಮರುಕಳಿಸಿತೆಂದು ಬೆಚ್ಚುವವರು ಈ ನಾಲ್ಕು ತಾಲ್ಲೂಕುಗಳ ಊರೂರಿನಲ್ಲಿ ಇದ್ದಾರೆ. ಮುಂದೆ ಇಂಥದೇ ಇನ್ನೊಂದು ಕಾಲ ಬಂದರೆ ಮೊದಲು ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ: ತಾಲ್ಲೂಕು ಕೇಂದ್ರದಿಂದ ಕ್ಯಾನ್ಸರ್ ಆಸ್ಪತ್ರೆಗೆ ದಿನಕ್ಕೊಂದು ನಿಗದಿತ ವಾಹನ, ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತಪರೀಕ್ಷೆ ಮತ್ತು ಮಾರ್ಫಿನ್, ತಾರೀಖು ಮುಂದೂಡಿದರೆ ಆಸ್ಪತ್ರೆಯಿಂದಲೇ ರೋಗಿಗೆ ಒಂದು ಫೋನ್ ಕರೆ. ಇವುಗಳಿಗಾಗಿ ಸಾಂಕ್ರಾಮಿಕ ಬರುವವರೆಗೂ ಕಾಯಬೇಕಾಗಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ, ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತನಾಡಬಹುದಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಮನೆಯಲ್ಲೋ ಬೀದಿಯಲ್ಲೋ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಿದ್ದರೆ ಕೇಳುಗರು ದಯವಿಟ್ಟು ಈ ಸಂಖ್ಯೆಯನ್ನು ಅವರ ಫೈಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಬೇಕು, ಮತ್ತು ಅವರ ಮುಂದಿನ ತಾರೀಖು ಯಾವತ್ತು, ಜೊತೆಗೆ ಯಾರು ಹೋಗುತ್ತಾರೆ ಎಂದು ವಿಚಾರಿಸಿಕೊಳ್ಳಬೇಕು.